ಸೆಲೆಯ ಬಾಯಿಗೆ ಸಿಕ್ಕಿದ ರೇಷ್ಮೆ ನೂಲು

ಭತ್ತದ ಹೊಟ್ಟು ನೀರಲ್ಲಿ ನೆನೆದು ಕೆಲವು ದಿನ ಕಳೆದರೆ ಒಂದು ವಾಸನೆ ಹಿಡಿಯುತ್ತದೆ. ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಬರುವಂಥದ್ದು. ಕಳೆದ ತಿಂಗಳು ಹೆಬ್ಬಾಳದಲ್ಲಿ ಆ ವಾಸನೆ ಮೂಗಿಗೆ ಬಡಿದು ನಿಂತಲ್ಲೇ ನಿಂತುಬಿಟ್ಟೆ. ವಿದ್ಯಾರಣ್ಯಪುರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ. ಬಸ್ಸು ಮೇಲ್ಸೇತುವೆಯ ಕೆಳಗೆ ಅಲ್ಲಾಡದೆ ನಿಂತಾಗ ಇಳಿದು ನಡೆಯತೊಡಗಿದ್ದೆ. ರಸ್ತೆ ಪಕ್ಕದ ತಗಡಿನ ಬೇಲಿಯಲ್ಲಿ ಒಂದು ತಗಡು ಸರಿದಿತ್ತು. ಇಣುಕಿ ನೋಡಿದರೆ ಕಂಬ ನಿಲ್ಲಿಸಲು ಭೂಮಿ ಕೊರೆಯುತ್ತಿದ್ದಾರೆ. ಪಕ್ಕದಲ್ಲಿ ಬೂದು ಬಣ್ಣದ ಕೆಸರಿನ ಹೊಂಡ, ಅದರ ಮಗ್ಗುಲಲ್ಲಿ ಮಳೆಗೆ ನೆನೆದ ಹೊಟ್ಟಿನ ಚೀಲಗಳು. ಇಬ್ಬರು ಆಳುಗಳು ಒಂದೊಂದೇ ಚೀಲ ಬಿಚ್ಚಿ ಹೊಂಡಕ್ಕೆ ಸುರಿಯುತ್ತಿದ್ದರು.

ಹೆಲ್ಮೆಟ್ ಹಾಕಿದ್ದ ಎಂಜಿನಿಯರ್ ಒಬ್ಬ ಬಂದು, "ಆಂಟಿ, ಇಲ್ಲೆಲ್ಲ ನಿಲ್ಬಾರ್ದು, ಆ ಕಡೆ ಹೋಗಿ" ಅಂದ.

"ಕೆಸರು ವಾಪಸ್ ಬರ್ತಾ ಇಲ್ವಾ?" ಅಂತ ಕೇಳಿದೆ.

ಅವನು ನನ್ನ ಸೀರೆ, ಕೈಚೀಲ, ಬೆಳ್ಳಗಾದ ತಲೆ ಎಲ್ಲವನ್ನೂ ಒಮ್ಮೆ ನೋಡಿದ. "ಹೌದು, ಒಳಗೆ ಎಲ್ಲೋ ಸೋರಿ ಹೋಗ್ತಿದೆ. ನಿಮಗೆ ಹೆಂಗ್ ಗೊತ್ತಾಯ್ತು?"

"ಸುತ್ತಮುತ್ತ ಬಾವಿ ಏನಾದ್ರೂ ಇದೆಯಾ ಅಂತ ಯಾರಾದ್ರೂ ನೋಡಿದೀರಾ?"

"ಬಾವಿನಾ?" ಅಂತ ನಕ್ಕುಬಿಟ್ಟ. "ಇಲ್ಲೆಲ್ಲಿಂದ ಬರ್ಬೇಕು ಆಂಟಿ ಬಾವಿ!"

ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿರಲಿಲ್ಲ. ಆದರೂ ಮಾಡಿಕೊಂಡೆ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಬಹಳ ನಿಧಾನ. ಎಂಬತ್ತರ ದಶಕದ ಮೊದಮೊದಲ ಒಂದು ಬೇಸಿಗೆಯ ಸಿಟ್ಟು ಇನ್ನೂ ಹೋಗಿಲ್ಲ ಅಂದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ಆಗ ನಾವಿದ್ದದ್ದು ಯಲಹಂಕದ ಹಳೇ ಊರಿನಲ್ಲಿ. ಬೀದಿಯ ಈ ತುದಿಯಿಂದ ಆ ತುದಿಗೆ ಮಗ್ಗಗಳ ಸದ್ದು. ನಮ್ಮ ಮನೆಯಲ್ಲಿ ಮಾತ್ರ ಮಗ್ಗ ಇರಲಿಲ್ಲ. ಅಪ್ಪ ಬಣ್ಣ ಹಾಕುವವನು. ನೇಯುವವರು ರೇಷ್ಮೆ ನೂಲಿನ ಲಡಿಗಳನ್ನು ತಂದುಕೊಟ್ಟರೆ ಸೋಪು, ಸೋಡಾ ಹಾಕಿ ಕುದಿಸಿ ಅಂಟು ಬಿಡಿಸಿ, ತೊಳೆದು, ಕೇಳಿದ ಬಣ್ಣ ಏರಿಸಿ ಒಣಗಿಸಿ ಕೊಡುವುದು ನಮ್ಮ ಕೆಲಸ. ಊರಲ್ಲಿ ಅವನನ್ನು ಬಣ್ಣದ ನಂಜಪ್ಪ ಅಂತಲೇ ಕರೆಯುತ್ತಿದ್ದರು. ಗಿಳಿಹಸಿರು, ಮಾವಿನ ಹಳದಿ ಎಲ್ಲರೂ ಹಾಕುತ್ತಿದ್ದರು. ಅಪ್ಪನ ಕುಂಕುಮಗೆಂಪು ಮಾತ್ರ ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಆ ಕೆಂಪಿಗಾಗಿ ದೊಡ್ಡಬಳ್ಳಾಪುರದಿಂದಲೂ ನೂಲಿನ ಗಂಟು ಹೊತ್ತು ಬರುತ್ತಿದ್ದರು.

ಆ ಕೆಂಪಿನ ಗುಟ್ಟು ಅಪ್ಪನ ಕೈಯಲ್ಲಿ ಎಷ್ಟಿತ್ತೋ, ನಮ್ಮ ಹಿತ್ತಿಲ ಬಾವಿಯಲ್ಲಿ ಅದಕ್ಕಿಂತ ಒಂದು ಪಾಲು ಹೆಚ್ಚೇ ಇತ್ತು. ಸಿಹಿನೀರು, ಮೆತ್ತನೆ ನೀರು. ಚೂರು ಸೋಪು ಹಾಕಿದರೆ ಕೊಪ್ಪರಿಗೆ ತುಂಬ ನೊರೆ. ಬೇಳೆ ಹಾಕಿದರೆ ಕ್ಷಣದಲ್ಲಿ ಬೇಯುತ್ತಿತ್ತು. ಬಾವಿಯ ಮೂಡಲ ಗೋಡೆಯಲ್ಲಿ, ಕಲ್ಲಿನ ಒಂದು ಸೀಳಿನಿಂದ ಸೆಲೆ ಒಸರುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಹಗ್ಗ ಹಿಡಿದು ಬಗ್ಗಿದರೆ ಆ ಸೆಲೆ ಬೀಳುವ ಸದ್ದು ಕೇಳುತ್ತಿತ್ತು. ಅಪ್ಪ ದಿನಾ ಬೆಳಗ್ಗೆ ಕೆಲಸ ಶುರು ಮಾಡುವ ಮೊದಲು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ, ಕಣ್ಣು ಮುಚ್ಚಿ ರುಚಿ ನೋಡುತ್ತಿದ್ದ. ಅಮ್ಮ ಅದನ್ನು ನೋಡಿ, "ನಾನ್ ಮಾಡಿದ ಸಾರನ್ನ ಇಷ್ಟು ಗಮನ ಕೊಟ್ಟು ಯಾವತ್ತಾದ್ರೂ ಉಂಡಿದೀಯಾ?" ಅಂತ ಕೆಣಕುತ್ತಿದ್ದಳು.

ನಮ್ಮ ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ತಂಗಿಗೆ ಓದು ಹತ್ತಿತ್ತು, ನನಗೆ ಬಣ್ಣ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಅಪ್ಪನ ಜೊತೆ ಒಲೆ ಮುಂದೆ ನಿಂತವಳು ಕೋಲಿನಲ್ಲಿ ಲಡಿ ತಿರುವುತ್ತಾ ತಿರುವುತ್ತಾ ಎಲ್ಲ ಕಲಿತೆ. ಹೆಣ್ಣುಮಗಳು ಬಣ್ಣದ ಕೊಪ್ಪರಿಗೆ ಹಿಡಿಯುವುದೇ ಅಂತ ಬೀದಿಯಲ್ಲಿ ಮೂಗು ಮುರಿದವರಿದ್ದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವರ್ಷ ಯುಗಾದಿಯ ದಿನ ಎಲ್ಲರೆದುರು ನನ್ನನ್ನು ತೋರಿಸಿ ಹೇಳಿದ: "ಈ ಗೌರಿಹಬ್ಬಕ್ಕೆ ಕೊಪ್ಪರಿಗೆ ಸರೋಜನ ಕೈಗೆ. ಇನ್ಮೇಲೆ ಕುಂಕುಮಗೆಂಪು ಅವಳದ್ದೇ." ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವ ಹುಡುಗ ನೋಡಲು ಬಂದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ.

ನಮ್ಮ ಹಿತ್ತಿಲ ಗೋಡೆಗೆ ಅಂಟಿದ ಖಾಲಿ ಜಾಗ ಕೃಷ್ಣಪ್ಪ ಮಾಮನದ್ದು. ಹೆಸರಿಗೆ ಮಾಮ, ರಕ್ತಸಂಬಂಧವೇನಲ್ಲ. ಬೀದಿಯಲ್ಲೇ ಹೆಚ್ಚು ಮಗ್ಗ ಇದ್ದದ್ದು ಅವನಿಗೆ, ನಮಗೆ ಬರುವ ನೂಲಿನಲ್ಲಿ ಅರ್ಧ ಅವನ ಮನೆಯದು. ಆ ಜಾಗದಲ್ಲಿ ಬಾಡಿಗೆಗೆ ಮನೆಗಳ ಸಾಲು ಕಟ್ಟಿಸಬೇಕು, ಅದಕ್ಕೆ ಬೋರ್‌ವೆಲ್ ಹಾಕಿಸಬೇಕು ಅಂತ ಬೇಸಿಗೆ ಶುರುವಿನಲ್ಲಿ ಬಂದು ಹೇಳಿದ. "ನೀರು ಬಿದ್ರೆ ನಿಮ್ಮನೆಗೂ ಒಂದ್ ಪೈಪ್ ಎಳೀತೀನಿ ನಂಜಪ್ಪಣ್ಣ. ಸರೋಜ ಇಂಗೆ ಅಗ್ಗ ಎಳ್ದು ಎಳ್ದು ಸಾಯೋದು ಬ್ಯಾಡ" ಅಂದ. ಸುಳ್ಳು ಹೇಳಬಾರದು, ಮನಸ್ಸಿಟ್ಟೇ ಹೇಳಿದ್ದ. ಅವನು ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು.

ಲಾರಿಯ ಮೇಲೆ ಯಂತ್ರ ಬಂತು. ಅದರ ಮೇಸ್ತ್ರಿ ಆರ್.ಟಿ. ನಗರದ ಬಾಷಾ. ದಪ್ಪ ಮೀಸೆ, ಸಣ್ಣ ದನಿ. ಬೀದಿಯವರೆಲ್ಲ ಸೇರಿ ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದರು. ಅಲ್ಲಿ ಮೇಲಿನದೆಲ್ಲ ಸಡಿಲ ಮಣ್ಣು, ಕೊರೆದಷ್ಟೂ ಕುಸಿಯುತ್ತಿತ್ತು. ಹಾಗಾಗಿ ಜೇಡಿಮಣ್ಣಿನ ಪುಡಿ ಕಲಸಿ ತೆಳ್ಳನೆ ಕೆಸರು ಮಾಡಿ, ಪಂಪಿನಿಂದ ಕೊಳವೆಯೊಳಗೆ ಬಿಡುತ್ತಿದ್ದರು. ಕೆಸರು ತಳಕ್ಕೆ ಹೋಗಿ, ಕೊರೆದ ಮಣ್ಣನ್ನು ಹೊತ್ತುಕೊಂಡು ಮೇಲೆ ಬರಬೇಕು, ಬಂದು ಮತ್ತೆ ಹೊಂಡಕ್ಕೆ ಬೀಳಬೇಕು. ಹೋದದ್ದು ವಾಪಸ್ ಬಂದರೆ ಕೆಲಸ ಸರಿಯಾಗಿದೆ ಅಂತ ಅರ್ಥ. ಮೊದಲ ದಿನ ಎಲ್ಲ ಸರಿಯಿತ್ತು. ಮಾರನೆಯ ದಿನ ಬೆಳಗ್ಗೆ ಹೊಂಡ ನೋಡನೋಡುತ್ತಿದ್ದಂತೆ ಬರಿದಾಯಿತು. ಎಷ್ಟು ಕಲಸಿ ಬಿಟ್ಟರೂ ಒಳಗೇ ಹೋಗುತ್ತಿತ್ತು, ಮೇಲೆ ತೊಟ್ಟೂ ಬರಲಿಲ್ಲ.

"ಒಳಗೆ ಬಿರುಕು ಇದೆ ಅಣ್ಣಾ, ಕುಡೀತಾ ಇದೆ" ಅಂದ ಬಾಷಾ. "ಇದಕ್ಕೆ ಬರೀ ಕೆಸರು ಸಾಲಲ್ಲ. ಬಾಯಿ ಕಟ್ಟಬೇಕು. ಹೊಟ್ಟು ಬೇಕು, ಮರದ ಪುಡಿ ಬೇಕು, ಕಡಲೆಕಾಯಿ ಸಿಪ್ಪೆ ಇದ್ರೆ ಇನ್ನೂ ಒಳ್ಳೇದು. ಏನೇನ್ ಸಿಗುತ್ತೋ ತನ್ನಿ."

ಬೀದಿಗೆ ಬೀದಿಯೇ ಎದ್ದಿತು. ಒಬ್ಬರ ಮನೆ ಕೆಲಸಕ್ಕೆ ಎಲ್ಲರೂ ಕೈ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಅಕ್ಕಿ ಗಿರಣಿಯಿಂದ ಹೊಟ್ಟಿನ ಚೀಲ ಬಂತು, ಮರ ಕೊಯ್ಯುವಲ್ಲಿಂದ ಪುಡಿ ಬಂತು, ಹೆಂಗಸರು ಬುಟ್ಟಿಯಲ್ಲಿ ಸಗಣಿ ತಂದರು. ಬಾಷಾ ತನ್ನ ಪೆಟ್ಟಿಗೆಯಿಂದ ಅಭ್ರಕದ ಚೂರಿನ ಸಣ್ಣ ಗಂಟು ತೆಗೆದ. ನಾವು ಕಾಗೆಬಂಗಾರ ಅನ್ನುತ್ತೇವಲ್ಲ, ಅದೇ. ದಪ್ಪನೆಯದು ಹೋಗಿ ಬಿರುಕಿನಲ್ಲಿ ಸಿಕ್ಕಿಕೊಳ್ಳಬೇಕು, ಅದರ ಸಂದಿಗೆ ಹೊಟ್ಟು ಕೂರಬೇಕು, ಕೊನೆಗೆ ಈ ಹೊಳೆಯುವ ಚೂರು ಪದರ ಪದರವಾಗಿ ಅಂಟಿಕೊಂಡು ಮುಚ್ಚಬೇಕು ಅಂತ ಎಲ್ಲರಿಗೂ ವಿವರಿಸಿದ. ಗಿರಣಿಯ ಹೊಟ್ಟನ್ನೂ ಕಾಗೆಬಂಗಾರವನ್ನೂ ಕಲಸಿ ಬಿಟ್ಟರು. ಭೂಮಿ ಅದನ್ನೂ ನುಂಗಿತು.

ಅಷ್ಟು ಹೊತ್ತಿಗೆ ನಾನು ನೀರು ಸೇದಲು ಬಾವಿಗೆ ಹೋದೆ. ಕೊಡ ಮೇಲೆ ಬಂದಾಗ ನೀರಿನ ಮೇಲೆ ತೆಳ್ಳನೆಯ ಬೂದು ಕೆನೆ. ಇನ್ನೊಂದು ಸಲ ಸೇದಿದೆ, ಅದೂ ಹಾಗೇ. ಬೆರಳಲ್ಲಿ ಮುಟ್ಟಿದರೆ ಜಾರುವ ಜೇಡಿ. ಕೊಡ ಅಲ್ಲೇ ಇಟ್ಟು ಓಡಿಹೋಗಿ ಅಪ್ಪನ ಕಿವಿಯಲ್ಲಿ ಹೇಳಿದೆ: "ಅಪ್ಪಾ, ನಮ್ಮ ಬಾವಿ ಕದಡೈತೆ. ಅವರ ಕೆಸರು ನಮ್ಮ ಸೆಲೆಗೆ ಬರ್ತಾ ಐತೆ."

ಇಲ್ಲಿ ನಮ್ಮ ಜನದ ಒಂದು ಪದ್ಧತಿ ಹೇಳಲೇಬೇಕು. ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಅನ್ನುವುದಿಲ್ಲ, ಅಕ್ಕಿ ತುಂಬಿದೆ ಅನ್ನುತ್ತೇವೆ. ಎಣ್ಣೆ ತೀರಿದರೂ ತುಂಬಿದೆ. ಬಳೆ ಒಡೆದರೆ ಒಡೆಯಿತು ಅನ್ನುವುದಿಲ್ಲ, ಬಳೆ ಹೆಚ್ಚಿತು ಅನ್ನುತ್ತೇವೆ. ಇನ್ನು ನೀರಿಗಾಗಿ ಭೂಮಿ ತೆಗೆಯುವ ಜಾಗದಲ್ಲಂತೂ ಗಂಗಮ್ಮ ಕಾಣುವವರೆಗೆ ಒಬ್ಬರೂ ಕೆಟ್ಟ ಮಾತು ಆಡಬಾರದು. ಇಲ್ಲ, ಕೆಟ್ಟಿತು, ಬತ್ತಿತು ಎಂಬ ಶಬ್ದ ಅಲ್ಲಿ ಬಿದ್ದರೆ ನೀರು ಹಿಂದೆ ಸರಿಯುತ್ತದೆ ಅಂತ ನಂಬಿಕೆ. ಆಡಿದವರನ್ನು ಊರು ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಅಪ್ಪ ನನ್ನ ಮಣಿಕಟ್ಟು ಹಿಡಿದು ಅದುಮಿದ. "ಬಾಯ್ಮುಚ್ಕೊಂಡಿರು. ಒಬ್ಬರ ಮನೆ ಗಂಗೆ ಬರೋ ಒತ್ತಲ್ಲಿ ಅಪಸ್ವರ ತೆಗೀಬ್ಯಾಡ."

ಅದೇ ಗಳಿಗೆಗೆ ಬಾಷಾ ನಮ್ಮ ಗೋಡೆಯ ಕಡೆ ತಿರುಗಿ ನೋಡಿದ. ಬಾವಿಯ ರಾಟೆಯ ಕಂಬ ಅವನಿಗೆ ಕಂಡಿರಬೇಕು. "ಯಜಮಾನ್ರೇ, ಆ ಕಡೆ ನಿಮ್ದು ಬಾವಿ ಇದೆ ಅಲ್ವಾ? ನೀರೇನಾದ್ರೂ ಬಣ್ಣ ತಿರುಗಿದ್ರೆ ಹೇಳ್ಬಿಡಿ. ಜಾಗ ಬದಲಾಯಿಸಿ ಆ ಮೂಲೇಲಿ ಹಾಕೋಣ. ನಂಗೇನೂ ತೊಂದ್ರೆ ಇಲ್ಲ."

ಇಷ್ಟು ಸುಲಭವಾಗಿತ್ತು. ಒಂದು ಮಾತು ಸಾಕಿತ್ತು, ಯಂತ್ರ ಆ ಮೂಲೆಗೆ ಸರಿಯುತ್ತಿತ್ತು. ಕೃಷ್ಣಪ್ಪ ಮಾಮ ಅಪ್ಪನ ಮುಖ ನೋಡಿದ. ಬೀದಿಯವರೆಲ್ಲ ನೋಡಿದರು. ನಾನು ಬಾಯಿ ತೆರೆದೆ. ಅಪ್ಪನ ಹಿಡಿತ ಇನ್ನೂ ಬಿಗಿಯಾಯಿತು.

"ಎಲ್ಲಾ ಚೆನ್ನಾಗೈತೆ. ನೀವು ನಡ್ಸಿ" ಅಂದ ಅಪ್ಪ.

ದಾಕ್ಷಿಣ್ಯ ಅನ್ನುವುದನ್ನು ನಮ್ಮವರು ದೊಡ್ಡ ಗುಣ ಅಂತ ಹೊಗಳುತ್ತಾರೆ. ನನಗೆ ಆ ಶಬ್ದ ಕೇಳಿದರೇ ಮೈ ಉರಿಯುತ್ತದೆ. ಊರು ಏನಂದೀತು, ನೂಲು ಕೊಡುವ ಧಣಿಗೆ ಬೇಜಾರಾದೀತು, ಇಟ್ಟ ಪೂಜೆಗೆ ಅಪಶಕುನ ಆದೀತು ಅಂತ ಹಲ್ಲು ಕಚ್ಚಿಕೊಂಡು ತನ್ನ ಮನೆಯನ್ನೇ ತೆತ್ತು ಬರುವುದಕ್ಕೆ ಯಾವ ಗುಣವೂ ಬೇಕಾಗಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಇನ್ನೂ ಏನಾದರೂ ಉಳಿಯುತ್ತಿತ್ತೇನೋ. ಹೊಟ್ಟು ನಿಲ್ಲದ್ದನ್ನು ಕಂಡು ಬಾಷಾ ತಲೆ ಕೆರೆದುಕೊಂಡ. "ನಾರು ಬೇಕು. ತೆಂಗಿನ ನಾರೋ ಗೋಣಿ ನಾರೋ, ಉದ್ದ ಇರ್ಬೇಕು. ಬಲೆ ಥರ ಅಡ್ಡ ಕಟ್ಟಿಕೊಂಡ್ರೆ ಹೊಟ್ಟು ಅದರ ಮೇಲೆ ಕೂರುತ್ತೆ" ಅಂದ. ಆಗ ಅಪ್ಪ ಯಾರೂ ಕೇಳದೆ ಎದ್ದು ಮನೆಗೆ ಬಂದ. ಅಟ್ಟದ ಮೇಲೆ ವರ್ಷದ ಚಿಂದಿ ನೂಲಿನ ಮೂಟೆ ಇತ್ತು. ಲಡಿ ತಿರುವುವಾಗ ಸಿಕ್ಕಾದದ್ದು, ಹರಿದದ್ದು, ಬಣ್ಣ ನೋಡಲು ಅದ್ದಿ ತೆಗೆದದ್ದು ಎಲ್ಲ ಅದರಲ್ಲಿ. ಹಾಸಿಗೆ ಹೊಲಿಯುವವರು ವರ್ಷಕ್ಕೊಮ್ಮೆ ಬಂದು ಒಯ್ಯುತ್ತಿದ್ದರು. ಅದನ್ನು ಹೆಗಲ ಮೇಲೆ ಹೊತ್ತು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಪ್ಪಾ, ಅದು ನಮ್ಮ ಬಾವಿಗೇ ಓಗೋದು."

"ರೇಷ್ಮೆಗಿಂತ ಗಟ್ಟಿ ನಾರು ಯಾವ್ದೈತೆ? ಜರುಗು" ಅಂದ.

ಅಷ್ಟೊತ್ತಿಗೆ ಅವನಿಗೆ ಹೆಮ್ಮೆ ಏರಿತ್ತು. ಊರಿಗೆಲ್ಲ ಬೇಕಾದ ವಸ್ತು ತನ್ನ ಅಟ್ಟದಲ್ಲಿದೆ ಎಂಬ ಹೆಮ್ಮೆ. ನೂಲನ್ನು ಕತ್ತರಿಸಿ, ಸಗಣಿಯ ಜೊತೆ ಕಲಸಿ, ಹೊಟ್ಟು ಬೆರೆಸಿ ಬಿಟ್ಟರು. ಕೆಸರಿನಲ್ಲಿ ಹಸಿರು, ಹಳದಿ, ಕೆಂಪು ಎಳೆಗಳು ಸುತ್ತಿ ಸುತ್ತಿ ಒಳಗೆ ಹೋದದ್ದನ್ನು ನಾನು ಗೋಡೆಯ ಮೇಲಿಂದ ನೋಡಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೊಂಡ ತುಂಬಿ ಕೆಸರು ಉಕ್ಕಿತು. ಬೀದಿಯವರು ಚಪ್ಪಾಳೆ ತಟ್ಟಿದರು. ಕೃಷ್ಣಪ್ಪ ಮಾಮ ಅಪ್ಪನನ್ನು ತಬ್ಬಿಕೊಂಡು, "ನಿನ್ನ ಕೈಗುಣ ನಂಜಪ್ಪಣ್ಣ" ಅಂದ. ಮುಂದೆ ಕಬ್ಬಿಣದ ಕೊಳವೆ ಇಳಿಸಿ, ಕೆಳಗೆ ಬಂಡೆ ಕೊರೆದು, ವಾರದೊಳಗೆ ನೀರು ಬಂತು. ಪಾನಕ, ಕೋಸಂಬರಿ ಹಂಚಿದರು. ನನಗೂ ಕೊಟ್ಟರು, ಕುಡಿದೆ.

ಆಮೇಲಿನದು ಬೇಗ ಬೇಗ ನಡೆಯಿತು. ಬಾವಿಯ ನೀರು ದಿನಾ ಒಂದಿಷ್ಟು ಕೆಳಗಿಳಿಯಿತು. ಬಗ್ಗಿ ಕಿವಿಗೊಟ್ಟರೆ ಸೆಲೆಯ ಸದ್ದಿಲ್ಲ. ತಳದಲ್ಲಿ ಉಳಿದ ನೀರಿಗೆ ಹೊಟ್ಟು ಕೊಳೆತ ವಾಸನೆ ಹಿಡಿಯಿತು. ಅಪ್ಪ ಬೆಳಗ್ಗೆ ಮುಕ್ಕಳಿಸುವುದನ್ನು ನಿಲ್ಲಿಸಿದ. ಬೀದಿಯಲ್ಲಿ ಯಾರಾದರೂ, "ನಿಮ್ಮ ಬಾವಿ ಎಂಗೈತೆ ನಂಜಪ್ಪಣ್ಣ?" ಅಂತ ಕೇಳಿದರೆ, "ತುಂಬೈತೆ" ಅನ್ನುತ್ತಿದ್ದ. ಒಳಗೆ ನಾನು ಎಳೆಯುತ್ತಿದ್ದ ಕೊಡ ತಳದ ಕಲ್ಲಿಗೆ ತಗುಲಿ ಗರಗರ ಅನ್ನುತ್ತಿತ್ತು.

ಕೃಷ್ಣಪ್ಪ ಮಾಮ ಮಾತಿಗೆ ತಪ್ಪಲಿಲ್ಲ. ಪೈಪು ಎಳೆದುಕೊಟ್ಟ. ನಲ್ಲಿ ತಿರುಗಿಸಿದರೆ ಧಾರಾಳ ನೀರು, ಗಡಸು ನೀರು. ಕೊಪ್ಪರಿಗೆಗೆ ಎಷ್ಟು ಸೋಪು ಹಾಕಿದರೂ ನೊರೆ ಏಳದು, ಒಡೆದ ಹಾಲಿನ ಹಾಗೆ ಗಂಟು ಗಂಟಾಗಿ ನೂಲಿಗೆ ಹತ್ತುತ್ತಿತ್ತು. ಅಂಟು ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಬಿಡದು. ಅದರ ಮೇಲೆ ಬಣ್ಣ ಹಾಕಿದರೆ ತೊನ್ನು ಹತ್ತಿದಂತೆ ಮಚ್ಚೆ. ಆಷಾಢ ಕಳೆದ ಮೇಲಿನ ಮದುವೆಗಳಿಗೆಂದು ಕೃಷ್ಣಪ್ಪ ಮಾಮನೇ ಕುಂಕುಮಗೆಂಪಿಗೆ ನೂಲು ಕೊಟ್ಟಿದ್ದ. ಅಪ್ಪ, ನಾನು ಊಟ ನಿದ್ದೆ ಬಿಟ್ಟು ಮಾಡಿದೆವು. ಮಳೆನೀರು ಹಿಡಿದು ಬೆರೆಸಿದೆವು, ಮತ್ತೆ ಮತ್ತೆ ತೊಳೆದೆವು. ಒಣಗಿದ ಮೇಲೆ ಲಡಿಗಳು ಮಚ್ಚೆ ಮಚ್ಚೆಯಾಗಿ ಗಳದ ಮೇಲೆ ನೇತಾಡಿದವು.

ಮಾಮ ಬಂದು ನೋಡಿದ. ಲಡಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. ಜೋರು ಮಾಡಲಿಲ್ಲ. "ಇದನ್ನ ಯಾರಿಗೆ ಅಂತ ನೇಯ್ಲಿ ನಂಜಪ್ಪಣ್ಣ? ನೀರಂತೂ ಬೇಕಾದಷ್ಟು ಕೊಟ್ಟಿದೀನಿ, ಇನ್ನೇನ್ ಮಾಡ್ಲಿ ನಾನು?" ಅಂದ. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಸೆಲೆ ಮುಚ್ಚಿದ್ದು ನಿಮ್ಮ ಬೋರ್‌ವೆಲ್ಲು ಅಂತ ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಾನು ಹೇಳಿದೆ. ಮಾಮ ಬೆಚ್ಚಿ ಅಪ್ಪನ ಕಡೆ ನೋಡಿ, "ಅವತ್ತೇ ಬಾಷಾ ಕೇಳಿದ್ನಲ್ಲ, ನೀನೇ ಚೆನ್ನಾಗೈತೆ ಅಂದೆ" ಅಂದ. ಮಾಮನ ನೂಲು ಬೇರೆ ಊರಿಗೆ ಹೋಯಿತು, ಅವನ ಹಿಂದೆಯೇ ಮಿಕ್ಕವರದ್ದೂ.

ಗೌರಿಹಬ್ಬ ಬಂತು. ಅಮ್ಮ ಮೊರದ ಬಾಗಿನ ಕೊಟ್ಟಳು. ಕೊಪ್ಪರಿಗೆಯ ಮಾತು ಯಾರೂ ಎತ್ತಲಿಲ್ಲ. ಹಬ್ಬ ಕಳೆದ ವಾರವೇ ನಾನು ಯಶವಂತಪುರದ ಒಂದು ಕಾರ್ಖಾನೆಗೆ ಸೇರಿದೆ. ತಾಮ್ರದ ತಂತಿಯನ್ನು ಸುರುಳಿ ಸುತ್ತುವ ಕೆಲಸ. ತಂತಿಗೆ ಒಂದೇ ಬಣ್ಣ. ಸಾಲಾಗಿ ಕೂತ ಹುಡುಗಿಯರಲ್ಲಿ ನನ್ನ ಬೆರಳು ಬಹಳ ಚುರುಕು ಅಂತ ಮೇಲ್ವಿಚಾರಕಿ ಹೊಗಳುತ್ತಿದ್ದಳು. ಆ ಬೆರಳಿಗೆ ಚುರುಕು ಎಲ್ಲಿಂದ ಬಂತು ಅಂತ ನಾನು ಯಾರಿಗೂ ಹೇಳಲಿಲ್ಲ. ನಿವೃತ್ತಿಯಾಗುವವರೆಗೂ ಅದನ್ನೇ ಸುತ್ತಿದೆ.

ಮಳೆಗಾಲದಲ್ಲಿ ಬಾವಿ ತುಂಬುತ್ತದೆ ಅಂತ ಅಪ್ಪ ಕಾದ. ಮಳೆ ಚೆನ್ನಾಗಿಯೇ ಬಂತು, ಕೆರೆಗೆ ನೀರು ಬಂತು, ನಮ್ಮ ಬಾವಿಗೆ ಬರಲಿಲ್ಲ. ದೀಪಾವಳಿ ಹತ್ತಿರ ಬಂದಾಗ ಒಂದು ಭಾನುವಾರ ಬಾವಿ ಸೋಸುವವನನ್ನು ಕರೆಸಿದ. ಆತ ಹಗ್ಗ ಹಿಡಿದು ಇಳಿದು, ಮೂಡಲ ಗೋಡೆಯ ಸೀಳಿಗೆ ಹಾರೆ ಹಾಕಿ ಬಹಳ ಹೊತ್ತು ಮೀಟಿದ. ಕೊನೆಗೆ ಕೆಳಗಿನಿಂದಲೇ ಕೂಗಿದ: "ಕಲ್ಲಾಗೈತೆ ಯಜಮಾನ್ರೇ. ಬಾಯಲ್ಲಿ ಒಸಿ ಬಂತು, ಒಳಗಡೆದು ಅಲ್ಲಾಡ್ತಿಲ್ಲ." ಬಂದದ್ದನ್ನು ಬಕೆಟ್ಟಿಗೆ ಹಾಕಿ ಮೇಲೆ ಕಳಿಸಿದ.

ಅಪ್ಪ ಬಕೆಟ್ಟನ್ನು ಕಟ್ಟೆಯ ಮೇಲೆ ಬೋರಲು ಹಾಕಿದ. ಜೇಡಿ, ಕಪ್ಪಗಾದ ಹೊಟ್ಟು, ಅಲ್ಲಲ್ಲಿ ಹೊಳೆಯುವ ಕಾಗೆಬಂಗಾರ, ಎಲ್ಲವನ್ನೂ ಹೊಲಿದಂತೆ ಹಿಡಿದಿದ್ದ ನೂಲು. ಕುಕ್ಕರಗಾಲಲ್ಲಿ ಕೂತು, ಆ ಮುದ್ದೆಯಿಂದ ಒಂದೊಂದೇ ಎಳೆ ಬಿಡಿಸಿದ. ನಲ್ಲಿಯ ಕೆಳಗೆ ಹಿಡಿದು ತೊಳೆದ. ಕೆಸರು ಹೋದ ಮೇಲೆ ಅವನ ಬೆರಳ ನಡುವೆ ಕುಂಕುಮಗೆಂಪು ಎಳೆಗಳು ಹೊಳೆದವು. ಅದನ್ನು ಬಿಳಿ ಪಂಚೆಯ ಅಂಚಿನಲ್ಲಿಟ್ಟು ಹೆಬ್ಬೆರಳಿನಿಂದ ತಿಕ್ಕಿದ. ಬಣ್ಣ ಸರಿಯಾಗಿ ಕೂತಿದೆಯೇ ಅಂತ ನೋಡುವಾಗ ಯಾವಾಗಲೂ ಹಾಗೇ ಮಾಡುತ್ತಿದ್ದ. ಪಂಚೆ ಬೆಳ್ಳಗೇ ಉಳಿಯಿತು.

"ನೋಡಿದ್ಯಾ ಸರೋಜಾ?" ಅಂತ ಮುಖ ಎತ್ತಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಕಂಡೆ. "ಅಷ್ಟು ದಿವ್ಸ ಕೆಸರಲ್ಲಿ ಬಿದ್ದಿದ್ರೂ ಒಂಚೂರೂ ಬಿಟ್ಟಿಲ್ಲ."

ಆ ಮನೆಯಲ್ಲಿ ಅದುವರೆಗೆ ಯಾರೂ ಆಡದೆ ಇಟ್ಟುಕೊಂಡಿದ್ದ ಮಾತನ್ನು ಅವನ ಮುಖಕ್ಕೇ ಹೇಳಿದೆ.

"ಬಾವಿ ಬತ್ತೋಯ್ತು ಅಪ್ಪಾ."

ಅಪ್ಪನ ನಗು ಆರಿತು. ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಅಂತ ಗೋಡೆಯ ಕಡೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ಅಂಗನ್ಬಾರ್ದು ಕಣೆ. ತುಂಬೈತೆ ಅನ್ನು."

ನಾನು ಅನ್ನಲಿಲ್ಲ.